ಕೋಠಿಯಿಂದ ತಂದ ಐಸಿ, ಬಿಸಿಲಲ್ಲಿ ದಾರಿ ತಪ್ಪಿದ ರೋಬಾಟ್

ಎಲ್293ಡಿ ಎಂಬುದು ಹದಿನಾರು ಕಾಲಿನ ಒಂದು ಕರಿ ಐಸಿ. ಪುಟ್ಟ ರೋಬಾಟ್‌ನ ಎರಡು ಮೋಟಾರುಗಳನ್ನು ಮುಂದಕ್ಕೂ ಹಿಂದಕ್ಕೂ ಓಡಿಸುವುದು ಅದರ ಕೆಲಸ. ಒಂದೊಂದು ಮೋಟಾರಿಗೆ 600 ಮಿಲಿಆಂಪಿಯರ್ ಕರೆಂಟು ಕೊಡುವಷ್ಟು ತಾಕತ್ತು ಅದಕ್ಕಿದೆ. ಗಾಲಿ ಎಲ್ಲೋ ಸಿಕ್ಕಿಕೊಂಡು ಮೋಟಾರು ತಿರುಗದೆ ನಿಂತರೆ ಕರೆಂಟು ಆ ಮಿತಿ ದಾಟುತ್ತದೆ, ಐಸಿ ಬೆರಳಿಡಲಾಗದಷ್ಟು ಕಾಯುತ್ತದೆ, ಒಮ್ಮೊಮ್ಮೆ ಅಲ್ಲಿಗೇ ಅದರ ಕತೆ ಮುಗಿಯುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನ ಇಲೆಕ್ಟ್ರಾನಿಕ್ಸ್ ಅಂಗಡಿಗಳ ಹತ್ತಿರ ಇರುವ ಹುಡುಗ ಸಂಜೆಯೊಳಗೆ ಇನ್ನೊಂದನ್ನು ತಂದುಕೊಂಡಾನು. ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನವರು ಅದಕ್ಕಾಗಿ ನೂರು ಕಿಲೋಮೀಟರ್ ಆಸುಪಾಸಿನ ಹೈದರಾಬಾದಿಗೆ ಹೋಗಿ, ಕೋಠಿಯ ಗುಜರಾತಿ ಗಲ್ಲಿಯಲ್ಲಿ ಅಂಗಡಿ ಹುಡುಕಬೇಕಿತ್ತು. ಐಸಿಯ ಬೆಲೆಗಿಂತ ಬಸ್ ಚಾರ್ಜೇ ಹೆಚ್ಚು.

ಬಿಡಿಭಾಗಗಳು ಪಾರ್ಸೆಲ್ಲಿನಲ್ಲಿ ಮನೆಬಾಗಿಲಿಗೆ ಬರುವುದಕ್ಕೆ ಮುಂಚಿನ ಕಾಲದ ರೋಬಾಟ್ ಹವ್ಯಾಸಿಗಳು ಹಳೆಯದನ್ನು ನೆನೆಯಲು ಕೂತರೆ ಮೊದಲು ಬರುವ ಮಾತೇ ಇಂಥ ಸುಟ್ಟ ಐಸಿಯದು. ಊರು ದೂರವಾದಷ್ಟೂ ಕೈ ಹುಷಾರಾಗುತ್ತಿತ್ತು. ಐಸಿಯನ್ನು ನೇರವಾಗಿ ಬೋರ್ಡಿಗೆ ಸೋಲ್ಡರ್ ಮಾಡದೆ ಮೊದಲು ‘ಐಸಿ ಬೇಸ್’ ಕೂರಿಸುವುದು, ಕರೆಂಟು ಕೊಡುವ ಮುಂಚೆ ಮಲ್ಟಿಮೀಟರ್ ಹಿಡಿದು ಎಲ್ಲಿಯೂ ಶಾರ್ಟ್ ಇಲ್ಲ ಎಂದು ನೋಡಿಕೊಳ್ಳುವುದು, ಒಂದು ಬೇಕಾದಲ್ಲಿ ಎರಡು ಕೊಳ್ಳುವುದು. ಇವನ್ನೆಲ್ಲ ಯಾವ ಪಠ್ಯಪುಸ್ತಕವೂ ಒತ್ತಿ ಹೇಳಿದ್ದಲ್ಲ, ಬಸ್ಸಿನ ಟಿಕೆಟ್ಟೇ ಹೇಳಿಕೊಟ್ಟಿದ್ದು.

ಆಡಳಿತಕ್ಕೆ ಈ ಮೂರೂ ಊರು ತೆಲಂಗಾಣದವು. ಮಾತಿಗೆ, ಸಂಬಂಧಕ್ಕೆ, ಸಂತೆಗೆ ಕರ್ನಾಟಕವೂ ಅಷ್ಟೇ ಹತ್ತಿರ. ಜಹೀರಾಬಾದಿನಿಂದ ಬೀದರ್ ಸುಮಾರು ಮೂವತ್ತು ಕಿಲೋಮೀಟರ್. ತಾಂಡೂರು ದಾಟಿದರೆ ಚಿಂಚೋಳಿ, ಸೇಡಂ ಸೀಮೆ. ಇಲೆಕ್ಟ್ರಾನಿಕ್ಸ್ ವಿಷಯದಲ್ಲಿಯೂ ಈ ಗಡಿ ಎರಡು ದೊಡ್ಡ ಊರುಗಳ ನಡುವೆ ಬಿದ್ದಿದೆ. ಆ ಕಡೆ ಬೆಂಗಳೂರಿನಲ್ಲಿ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ), 1954ರಲ್ಲಿ ಭಾರತ್ ಇಲೆಕ್ಟ್ರಾನಿಕ್ಸ್ (ಬಿಇಎಲ್) ಶುರುವಾದವು. ಈ ಕಡೆ ಹೈದರಾಬಾದಿನಲ್ಲಿ 1967ರಲ್ಲಿ ಇಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ (ಇಸಿಐಎಲ್) ಬಂತು. ಟ್ರಾಂಬೆಯ ಅಣುಶಕ್ತಿ ಕೇಂದ್ರದಲ್ಲಿ ರೂಪುಗೊಂಡ ಟಿಡಿಸಿ-12 ಎಂಬ 12 ಬಿಟ್‌ಗಳ ಕಂಪ್ಯೂಟರನ್ನು ತಯಾರಿಸಿ ಮಾರಿದ್ದು ಇದೇ ಇಸಿಐಎಲ್. ಅದರ ಕೋರ್ ಮೆಮೊರಿ ಎಂದರೆ ಕಣ್ಣಿಗೆ ಕಾಣುವ ಸಣ್ಣ ಸಣ್ಣ ಕಾಂತದ ಉಂಗುರಗಳು. ಅವುಗಳೊಳಗೆ ಎಳೆ ತಂತಿ ಪೋಣಿಸಿ, ಒಂದು ಉಂಗುರದಲ್ಲಿ ಒಂದು ಬಿಟ್ ಇಡುತ್ತಿದ್ದರು. ಕರೆಂಟು ಹೋದರೂ ಉಂಗುರ ತನ್ನ ನೆನಪು ಬಿಡುತ್ತಿರಲಿಲ್ಲ.

ಹಳೆಯ ತಂತ್ರಜ್ಞಾನದ ಮಾತು ಬಂದಾಗ ಈ ಭಾಗದವರು ಹೆಮ್ಮೆಯಿಂದ ಹೇಳಬಹುದಾದ ಇನ್ನೊಂದು ಸಂಗತಿ ಇದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ಟಿವಿ ಪ್ರಯೋಗವನ್ನು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗಾಗಿ ಯೋಜಿಸಿದ್ದರು. ಆಗಿನ ಆಂಧ್ರಪ್ರದೇಶ, ಕರ್ನಾಟಕ ಎರಡೂ ಅದರಲ್ಲಿದ್ದವು. ತಾಂಡೂರಿಗೆ ತಾಗಿದ ಕಲಬುರಗಿ ಜಿಲ್ಲೆಯೂ ಇತ್ತು. ನಾಸಾದ ಎಟಿಎಸ್-6 ಉಪಗ್ರಹದಿಂದ ಬರುವ ಸಂಕೇತವನ್ನು ಹಿಡಿಯಲು ಹಳ್ಳಿಗಳಲ್ಲಿ ನಿಲ್ಲಿಸಿದ್ದು ಕೋಳಿಗೂಡಿಗೆ ಹಾಕುವಂಥ ತಂತಿಜಾಲರಿಯ, ಸುಮಾರು ಮೂರು ಮೀಟರ್ ಅಗಲದ ಆಂಟೆನಾ. ಟಿವಿ ಸೆಟ್ಟುಗಳು ಇಸಿಐಎಲ್‌ನವು. ಒಂದೇ ಚಿತ್ರಕ್ಕೆ ಎರಡು ಧ್ವನಿ ಜೋಡಿಸಿ ಕಳಿಸುವ ಅನುಕೂಲ ಆ ಉಪಗ್ರಹದಲ್ಲಿತ್ತು. ತೆಲುಗಿನಲ್ಲೂ ಕನ್ನಡದಲ್ಲೂ ಕಾರ್ಯಕ್ರಮಗಳು ಬಂದವು. ದೇಶದ ಬಹುಪಾಲು ನಗರಗಳು ಟಿವಿಯ ಮುಖ ನೋಡದಿದ್ದ ಹೊತ್ತಿನಲ್ಲಿ ಈ ಸೀಮೆಯ ಹಳ್ಳಿಗಳು ಆಕಾಶದಿಂದ ನೇರವಾಗಿ ಚಿತ್ರ ಇಳಿಸಿಕೊಂಡವು.

ಜಹೀರಾಬಾದಿನ ಬಳಿಯ ಮಾಚನೂರಿನಲ್ಲಿ ಮುಂದೆ ನಡೆದದ್ದೂ ಕಡಿಮೆಯದಲ್ಲ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರು ಲೈಸೆನ್ಸ್ ಸಿಗುವ ತನಕ ವರ್ಷಗಟ್ಟಲೆ ಕ್ಯಾಸೆಟ್ಟಿನಲ್ಲಿ ಕಾರ್ಯಕ್ರಮ ಮುದ್ರಿಸಿ, ಅದನ್ನು ಹಳ್ಳಿಗಳ ಮಹಿಳಾ ಸಂಘಗಳ ಸಭೆಗಳಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಕೇಳಿಸಿದರು. 2008ರ ಅಕ್ಟೋಬರ್ 15ರಂದು 90.4 ಮೆಗಾಹರ್ಟ್ಸ್‌ನಲ್ಲಿ ಸಂಘಂ ರೇಡಿಯೋ ಬಾನಿಗೇರಿತು. ಸರ್ಕಾರೇತರ ಸಂಸ್ಥೆಯೊಂದು ನಡೆಸುವ ಸಮುದಾಯ ಬಾನುಲಿ ದೇಶದಲ್ಲಿ ಅದೇ ಮೊದಲು. ಅಲ್ಗೋಲ್ ನರಸಮ್ಮ, ‘ಜನರಲ್’ ನರಸಮ್ಮ ಇಬ್ಬರೂ ಮೈಕಿನ ಮುಂದೆ ಮಾತಾಡಿದ್ದಷ್ಟೇ ಅಲ್ಲದೆ ರೆಕಾರ್ಡಿಂಗ್, ಮಿಕ್ಸಿಂಗ್ ಎಲ್ಲವನ್ನೂ ನಿಭಾಯಿಸಿದರು. ಗಂಟುಬಿದ್ದ ಟೇಪನ್ನು ಪೆನ್ಸಿಲ್ ತೂರಿಸಿ ಸುತ್ತಿದ ಕಾಲದ ಕೈಗಳು ಕಂಪ್ಯೂಟರಿನ ಮೌಸಿಗೂ ಹೊಂದಿಕೊಂಡವು.

ಇನ್ನು ರೋಬಾಟ್‌ಗಳ ಕಡೆಗೆ. 2000ದ ನಂತರದ ಒಂದು ದಶಕ ಸಣ್ಣ ಊರಿನ ಹವ್ಯಾಸಿಗಳಿಗೆ ಹಳೆಯ ಡೆಸ್ಕ್‌ಟಾಪಿನ ಹಿಂದಿದ್ದ 25 ಪಿನ್ನಿನ ಪ್ರಿಂಟರ್ ಪೋರ್ಟೇ ದೊಡ್ಡ ಪ್ರಯೋಗಶಾಲೆ. ಟರ್ಬೊ ಸಿ ನೀಲಿ ಪರದೆಯಲ್ಲಿ ಒಂದೇ ಸಾಲು ಬರೆದು 0x378 ಎಂಬ ವಿಳಾಸಕ್ಕೆ ಒಂದು ಸಂಖ್ಯೆ ಕಳಿಸಿದರೆ ಆ ಪೋರ್ಟಿನ ಎಂಟು ಪಿನ್ನುಗಳಲ್ಲಿ ಬೇಕಾದವು ಮಾತ್ರ 5 ವೋಲ್ಟ್‌ಗೆ ಏರುತ್ತಿದ್ದವು. ಎಂಟು ಎಲ್‌ಇಡಿ ಸಾಲಾಗಿ ಹೊತ್ತಿಕೊಂಡರೆ ಕಂಪ್ಯೂಟರ್ ಪರದೆಯಿಂದ ಹೊರಗೆ ಕೈಚಾಚಿದಷ್ಟು ಖುಷಿ. ಆದರೆ ಪಿನ್ನು ಕೊಡುವ ಕರೆಂಟು ಕೆಲವೇ ಮಿಲಿಆಂಪಿಯರ್. ನಡುವೆ ಟ್ರಾನ್ಸಿಸ್ಟರನ್ನೋ ಯುಎಲ್‌ಎನ್2003 ಐಸಿಯನ್ನೋ ಇಡದೆ ರಿಲೇ ಜೋಡಿಸಿದವರ ಪೋರ್ಟು ಸುಟ್ಟಿತು. ಪೋರ್ಟು ಮದರ್‌ಬೋರ್ಡಿನಲ್ಲೇ ಇರುವುದರಿಂದ ಇಡೀ ಮದರ್‌ಬೋರ್ಡಿಗೇ ಕುತ್ತು. ಅದು ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಾದರೆ ಮುಂದಿನ ಮಾತುಕತೆ ಹೇಗಿರುತ್ತಿತ್ತೆಂದು ವಿವರಿಸಬೇಕಿಲ್ಲ.

ವಿಂಡೋಸ್ 98ರಲ್ಲಿ ಸಲೀಸಾಗಿ ನಡೆದ ಈ ಆಟ ಎಕ್ಸ್‌ಪಿ ಬಂದಮೇಲೆ ಕಷ್ಟವಾಯಿತು. ಹೊಸ ವ್ಯವಸ್ಥೆ ಪ್ರೋಗ್ರಾಮುಗಳಿಗೆ ಪೋರ್ಟನ್ನು ನೇರವಾಗಿ ಮುಟ್ಟಗೊಡುತ್ತಿರಲಿಲ್ಲ, ಬೇರೆ ಡ್ರೈವರ್ ಹಾಕಬೇಕಿತ್ತು. ಆಮೇಲೆ ಲ್ಯಾಪ್‌ಟಾಪುಗಳಲ್ಲಿ ಪೋರ್ಟೇ ಮಾಯವಾಯಿತು. ಯುಎಸ್‌ಬಿಯಿಂದ ಪ್ರಿಂಟರ್ ಪೋರ್ಟಿಗೆ ಬದಲಿಸುವ ಕೇಬಲ್ ಕೊಂಡು ತಂದವರು ಬೇಸ್ತುಬಿದ್ದರು. ಆ ಕೇಬಲ್ ಪ್ರಿಂಟರಿನ ಭಾಷೆಯನ್ನಷ್ಟೇ ಬಲ್ಲದು, ಒಂದೊಂದು ಪಿನ್ನನ್ನು ಬೇಕಾದಾಗ ಏರಿಸಿ ಇಳಿಸಲು ಅದಕ್ಕೆ ಬಾರದು. 8051 ಬಳಗದ ಎಟಿ89ಎಸ್52 ಮೈಕ್ರೋಕಂಟ್ರೋಲರ್ ಐಸಿಗೆ ಇದೇ ಪೋರ್ಟಿನ ಮೂಲಕ ಪ್ರೋಗ್ರಾಂ ಇಳಿಸುತ್ತಿದ್ದವರಿಗೆ ಇದು ನಿಜವಾದ ಪೆಟ್ಟು. ಆ ಐಸಿಯ ಒಳಗಿದ್ದದ್ದು ಪ್ರೋಗ್ರಾಮಿಗೆ 8 ಕಿಲೋಬೈಟ್, ಲೆಕ್ಕಾಚಾರಕ್ಕೆ 256 ಬೈಟ್ ಜಾಗ. ಅಷ್ಟರಲ್ಲೇ ರೋಬಾಟ್ ಗೆರೆ ಹಿಡಿದು ಓಡುತ್ತಿತ್ತು. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಹುಟ್ಟಿದ ಆರ್ಡುಯಿನೊ ಬೋರ್ಡು ನಮ್ಮ ಕಾಲೇಜುಗಳಿಗೆ ಬಂದಮೇಲೆ ಈ ತೊಡಕೆಲ್ಲ ಒಂದು ಯುಎಸ್‌ಬಿ ವೈರಿನಲ್ಲಿ ಬಗೆಹರಿಯಿತು.

ಕೆಪಾಸಿಟರ್ ಸಿಡಿಯುವುದನ್ನು ನೋಡದ ಹವ್ಯಾಸಿ ಸಿಗುವುದು ಕಷ್ಟ. ಇಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಮೈಮೇಲೆ ಉದ್ದಕ್ಕೆ ಒಂದು ಪಟ್ಟಿ ಇರುತ್ತದೆ, ಅದು ಮೈನಸ್ ಕಾಲು. ತಿರುಗಾಮುರುಗಾ ಜೋಡಿಸಿದರೆ ಒಳಗಿನ ಅಲ್ಯೂಮಿನಿಯಂ ಹಾಳೆಯ ಮೇಲಿನ ತೆಳು ಆಕ್ಸೈಡ್ ಪದರ ಒಡೆಯುತ್ತದೆ. ಕರೆಂಟು ನುಗ್ಗಿ, ದ್ರವ ಕಾದು ಅನಿಲವಾಗಿ, ತಲೆಯ ಮೇಲಿನ ಅಡ್ಡಗೀರಿನಲ್ಲಿ ಉಬ್ಬಿ, ‘ಫಟ್’ ಎಂದು ಬಿರಿಯುತ್ತದೆ. ಆ ಗೀರುಗಳನ್ನು ಕೊರೆದಿರುವುದೇ ಅಲ್ಲಿ ಬಿರಿಯಲಿ, ಬದಿಗೆ ಸಿಡಿಯದಿರಲಿ ಎಂದು. ಮೂಗಿಗೆ ಅಡರುವ ಆ ವಾಸನೆ ಸಂಜೆತನಕ ಕೋಣೆ ಬಿಡುವುದಿಲ್ಲ. ಟ್ಯಾಂಟಲಮ್ ಕೆಪಾಸಿಟರಿನಲ್ಲಿ ಮಾತ್ರ ಗುರುತು ಇರುವುದು ಪ್ಲಸ್ ಕಡೆ! ಮೊದಲನೆಯದನ್ನು ಕಲಿತವರು ಎರಡನೆಯದನ್ನು ಸುಡುತ್ತಾರೆ. 7805 ಮತ್ತು 7905 ರೆಗ್ಯುಲೇಟರುಗಳದ್ದೂ ಇದೇ ಪಾಡು. ಹೊರಗಿನಿಂದ ಅಣ್ಣತಮ್ಮಂದಿರು, 7805ರ ಮೊದಲ ಕಾಲು ಇನ್‌ಪುಟ್, 7905ರ ಮೊದಲ ಕಾಲು ಗ್ರೌಂಡ್.

ಸದ್ದಿಲ್ಲದ ಅವಾಂತರಗಳು ಇನ್ನೂ ಸತಾಯಿಸುತ್ತವೆ. ಬಿಳಿ ನೆಲದ ಮೇಲಿನ ಕಪ್ಪು ಗೆರೆ ಹಿಡಿದು ಓಡುವ ರೋಬಾಟ್ ಇನ್‌ಫ್ರಾರೆಡ್ ಬೆಳಕು ಚೆಲ್ಲಿ, ಬಿಳಿಯಿಂದ ಮರಳಿ ಬರುವುದನ್ನು ಅಳೆಯುತ್ತದೆ. ರಾತ್ರಿ ಟ್ಯೂಬ್‌ಲೈಟಿನಡಿ ಚಾಚೂ ತಪ್ಪದೆ ಓಡಿದ್ದು ಮರುದಿನ ಮಾರ್ಚ್ ತಿಂಗಳ ಬಿಸಿಲು ಬಿದ್ದ ಕಾಲೇಜು ವರಾಂಡದಲ್ಲಿ ದಿಕ್ಕೆಟ್ಟು ಸುತ್ತುತ್ತದೆ. ಬಿಸಿಲಿನಲ್ಲೇ ಬೇಕಾದಷ್ಟು ಇನ್‌ಫ್ರಾರೆಡ್ ಇರುವುದರಿಂದ ಸೆನ್ಸರಿಗೆ ಕಪ್ಪು ಬಿಳುಪು ಎಲ್ಲ ಒಂದೇ. ಸೆನ್ಸರಿನ ಸುತ್ತ ಕಪ್ಪು ಚಾರ್ಟ್ ಪೇಪರಿನ ಮರೆ ಕಟ್ಟಿದರೆ ಅರ್ಧ ಸಮಸ್ಯೆ ನೀಗುತ್ತದೆ. ಟಿವಿ ರಿಮೋಟಿನ ಹಾಗೆ ಬೆಳಕನ್ನು ಸೆಕೆಂಡಿಗೆ 38 ಸಾವಿರ ಸಲ ಮಿನುಗಿಸಿ, ಆ ಮಿನುಗನ್ನಷ್ಟೇ ಗುರುತಿಸುವ ಟಿಎಸ್‌ಒಪಿ1738 ಸೆನ್ಸರ್ ಬಳಸುವುದು ಇನ್ನೊಂದು ದಾರಿ. ಅಡ್ಡಬರುವ ವಸ್ತುವನ್ನು ಪತ್ತೆಹಚ್ಚಲು ಅದು ಚೆನ್ನ. ಒಂಬತ್ತು ವೋಲ್ಟಿನ ಪುಟ್ಟ ಬ್ಯಾಟರಿ ಹಾಕಿದವರ ಗೋಳು ಬೇರೆ. ಮೋಟಾರು ಶುರುವಾಗುವ ಎಳೆತಕ್ಕೆ ವೋಲ್ಟೇಜ್ ಕುಸಿದು, ಕಂಟ್ರೋಲರ್ ರೀಸೆಟ್ ಆಗಿ, ಮತ್ತೆ ಎದ್ದು, ಮತ್ತೆ ಬೀಳುತ್ತದೆ. ರೋಬಾಟ್ ನಿಂತಲ್ಲೇ ನಡುಗುತ್ತದೆ. ಮೋಟಾರಿಗೆ ಬೇರೆ ಬ್ಯಾಟರಿ ಕೊಡಬೇಕು, ಎರಡರ ಗ್ರೌಂಡನ್ನು ಮಾತ್ರ ಒಂದುಗೂಡಿಸಬೇಕು.

ತಲೆಕೆಳಗು ಜೋಡಣೆ ಮಕ್ಕಳಾಟಿಕೆಯ ತಪ್ಪೆಂದು ತಳ್ಳಿಹಾಕುವಂತಿಲ್ಲ. 2013ರ ಜುಲೈ 2ರಂದು ಮೂರು ಗ್ಲೋನಾಸ್ ಉಪಗ್ರಹಗಳನ್ನು ಹೊತ್ತ ರಷ್ಯಾದ ಪ್ರೋಟಾನ್ ರಾಕೆಟ್ ಹಾರಿದ ಅರ್ಧ ನಿಮಿಷದಲ್ಲೇ ಮಗುಚಿ ನೆಲಕ್ಕಪ್ಪಳಿಸಿತು. ಅದರ ಕೋನೀಯ ವೇಗ ಅಳೆಯುವ ಸೆನ್ಸರುಗಳನ್ನು ತಲೆಕೆಳಗಾಗಿ ಕೂರಿಸಿದ್ದರು. ವಿದ್ಯುತ್ ಪೂರೈಕೆಯ ತೊಂದರೆ ನಮ್ಮ ಆರ್ಯಭಟವನ್ನೂ ಬಿಟ್ಟಿಲ್ಲ. ಉಡುಪಿ ಮೂಲದ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ಆ ಉಪಗ್ರಹ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. ಕೆಲವೇ ದಿನಗಳಲ್ಲಿ ಒಂದು ಪವರ್ ಲೈನ್ ಕೈಕೊಟ್ಟು ವೈಜ್ಞಾನಿಕ ಪ್ರಯೋಗಗಳು ನಿಂತವು. ಉಪಗ್ರಹ ನಡೆಸುವುದನ್ನು ಕಲಿಯಲು ಉಳಿದ ಭಾಗಗಳೇ ಸಾಕಾದವು.

ತಪ್ಪಿಗೆ ಎಡೆಯಿಲ್ಲದಂತೆ ಕಟ್ಟುವುದು ಹೇಗೆಂದು ನೋಡಲು ಈ ಊರುಗಳವರು ದೂರ ಹೋಗಬೇಕಿಲ್ಲ. ರೈಲುಗಳ ಡಿಕ್ಕಿ ತಡೆಯುವ ‘ಕವಚ್’ ವ್ಯವಸ್ಥೆಯ ಆರಂಭದ ಪರೀಕ್ಷೆಗಳು ನಡೆದದ್ದು ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ಮಾರ್ಗಗಳಲ್ಲಿ. ತಾಂಡೂರು ಮೊದಲನೆಯದರ ಮೇಲಿದೆ, ಜಹೀರಾಬಾದ್ ಎರಡನೆಯದರ ಮೇಲೆ. 2016ರ ಫೆಬ್ರುವರಿಯಲ್ಲಿ ಪ್ರಯಾಣಿಕ ರೈಲುಗಳಲ್ಲಿ ಪರೀಕ್ಷೆ ಶುರುವಾಯಿತು, 2020ರಲ್ಲಿ ಅದನ್ನು ರಾಷ್ಟ್ರೀಯ ವ್ಯವಸ್ಥೆಯಾಗಿ ಒಪ್ಪಿಕೊಂಡರು. ಸ್ಲೀಪರುಗಳ ಮೇಲೆ ಕೂರಿಸಿದ ಆರ್‌ಎಫ್‌ಐಡಿ ಟ್ಯಾಗುಗಳನ್ನು ಇಂಜಿನ್ ಓದಿಕೊಂಡು ತಾನೆಲ್ಲಿದ್ದೇನೆಂದು ತಿಳಿಯುತ್ತದೆ, ನಿಲ್ದಾಣದೊಡನೆ ರೇಡಿಯೋದಲ್ಲಿ ಮಾತಾಡುತ್ತದೆ, ಕೆಂಪು ಸಿಗ್ನಲ್ ದಾಟುವಂತಿದ್ದರೆ ತಾನೇ ಬ್ರೇಕ್ ಹಾಕುತ್ತದೆ. ಕಾಲೇಜಿನ ಗೆರೆ ಹಿಡಿಯುವ ರೋಬಾಟ್ ಮಾಡುವುದೂ ಇದೇ ಮೂರು ಕೆಲಸ: ನೋಡು, ತೀರ್ಮಾನಿಸು, ಮೋಟಾರು ತಡೆ. ಕವಚ್ ಮಾತ್ರ ಸುರಕ್ಷತೆಯ ಅತ್ಯುನ್ನತ ಮಟ್ಟವಾದ ಎಸ್‌ಐಎಲ್-4 ಪರೀಕ್ಷೆ ಗೆದ್ದು ಬರಬೇಕು. ಒಂದು ಭಾಗ ಕೆಟ್ಟರೂ ರೈಲು ಸುರಕ್ಷಿತವಾಗಿ ನಿಲ್ಲಬೇಕೆಂಬುದು ಅದರ ಬೇಡಿಕೆ.

2016ರಿಂದ ಶಾಲೆಗಳಿಗೆ ಬಂದಿರುವ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಲ್ಲಿ ಆರರಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳಿಗೆ ಆರ್ಡುಯಿನೊ, ಸೆನ್ಸರು, ತ್ರೀಡಿ ಪ್ರಿಂಟರು ಎಲ್ಲವೂ ಕೈಗೆಟಕುತ್ತವೆ. ಇದು ತುಂಬಾ ಒಳ್ಳೆಯದು. ಅದರ ಜೊತೆಗೆ ಪ್ರತಿ ಲ್ಯಾಬಿನಲ್ಲಿಯೂ ಒಂದು ಹಳೆಯ ಸಿಪಿಯು, ಒಂದು ಕೆಟ್ಟ ಪ್ರಿಂಟರ್ ಇರಲೇಬೇಕು. ಪ್ರಿಂಟರಿನಲ್ಲಿ ಮೋಟಾರು, ಉಕ್ಕಿನ ಸರಳು, ಹಲ್ಲಿನ ಬೆಲ್ಟು ಸಿಗುತ್ತವೆ. ಡಿವಿಡಿ ಡ್ರೈವಿನಲ್ಲಿ ಪುಟ್ಟ ಸ್ಟೆಪ್ಪರ್ ಮೋಟಾರು ಇರುತ್ತದೆ. ಸಿಪಿಯುವಿನ ಎಟಿಎಕ್ಸ್ ಪವರ್ ಸಪ್ಲೈಯ ದೊಡ್ಡ ಕನೆಕ್ಟರಿನಲ್ಲಿ ಹಸಿರು ತಂತಿಯನ್ನು ಕಪ್ಪು ತಂತಿಗೆ ಜೋಡಿಸಿದರೆ ಅದು ಚಾಲೂ ಆಗುತ್ತದೆ: ಕೆಂಪು ತಂತಿಯಲ್ಲಿ 5 ವೋಲ್ಟ್, ಹಳದಿಯಲ್ಲಿ 12, ಕಿತ್ತಳೆಯಲ್ಲಿ 3.3. ಆ ಕಬ್ಬಿಣದ ಡಬ್ಬಿಯ ಮುಚ್ಚಳವನ್ನು ಮಾತ್ರ ಮಕ್ಕಳು ತೆಗೆಯಕೂಡದು. ಪ್ಲಗ್ ಕಿತ್ತಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟಿನಷ್ಟು ವಿದ್ಯುತ್ತು ಉಳಿದಿರಬಹುದು. ಹಳೆಯ ಮಾನಿಟರಿನ ಪಿಕ್ಚರ್ ಟ್ಯೂಬಿಗೂ ಕೈ ಹಾಕುವುದು ಬೇಡ. ಒಳಗೆ ಗಾಳಿಯಿಲ್ಲದ ಆ ಗಾಜು ಒಡೆದರೆ ಚೂರುಗಳು ಸಿಡಿಯುತ್ತವೆ, ಗಾಜಿನಲ್ಲಿ ಸೀಸವೂ ಇರುತ್ತದೆ. ಅದನ್ನು ಇ-ತ್ಯಾಜ್ಯ ತೆಗೆದುಕೊಳ್ಳುವ ಅಧಿಕೃತ ಕೇಂದ್ರಕ್ಕೆ ಒಪ್ಪಿಸಿ, ಉಳಿದ ಬೋರ್ಡುಗಳನ್ನು ಮೇಜಿನ ಮೇಲಿಟ್ಟರೆ ಸಾಕು. ಮಕ್ಕಳು ಸ್ಕ್ರೂಡ್ರೈವರ್ ಹಿಡಿದು ಶುರುಮಾಡುತ್ತಾರೆ.