ಯಂತ್ರವೆಂಬ ಎದುರಾಳಿ

ಧಾರಾವಾಹಿಯ ಮುಂದಿನ ಕಂತಿಗಾಗಿ ವಾರವಿಡೀ ಕಾಯುವ ತವಕ ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ಕಥಾನಾಯಕಿ ಆ ಪತ್ರವನ್ನು ಒಡೆದು ಓದಿದಳೆ, ಇಲ್ಲವೆ ಎಂದು ಊಟದ ಹೊತ್ತಿನಲ್ಲಿ ಮನೆಮಂದಿಯೆಲ್ಲ ಚರ್ಚಿಸುವುದುಂಟು. ಅಷ್ಟೇ ತವಕದಿಂದ ಕಾಯುವ ಇನ್ನೊಂದು ಚಿಕ್ಕ ಪಂಗಡವೂ ಲೋಕದಲ್ಲಿದೆ. ಕಂಪ್ಯೂಟರಿನ ತೆರೆಯ ಮೇಲೆ ಯುದ್ಧದಾಟ ಆಡುವವರ ಪಂಗಡ ಅದು. ಹೊಸ ಆಟವೊಂದು ಸಿದ್ಧವಾಗುತ್ತಿದೆಯೆಂಬ ಸುದ್ದಿ ಹೊರಟೊಡನೆ ಅವರು ಕೇಳುವ ಮೊದಲ ಪ್ರಶ್ನೆ ಒಂದೇ: "ಯಂತ್ರ ಹೇಗೆ ಆಡುತ್ತದೆ?" ಚಿತ್ರಗಳ ಬೆಡಗು, ಸದ್ದಿನ ಸೊಗಸು, ಬೆಲೆ, ಇವೆಲ್ಲ ಆಮೇಲಿನ ಮಾತು.

ನಾನೂ ಆ ಪಂಗಡಕ್ಕೆ ಸೇರಿದವನೆಂದು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ. ಹಗಲು ಕಾಲೇಜಿನಲ್ಲಿ ಪಂಪ ರನ್ನರನ್ನು ಪಾಠ ಹೇಳುವ ಮನುಷ್ಯ ರಾತ್ರಿ ಹತ್ತರ ಮೇಲೆ ರಷ್ಯದ ಹಿಮದಲ್ಲಿ ದಂಡು ನಡೆಸುತ್ತಾನೆಂದರೆ ನಗುವವರು ಉಂಟು. ನನ್ನ ಶ್ರೀಮತಿಯೇ ಅವರಲ್ಲಿ ಮೊದಲಿಗರು.

ಚದುರಂಗದ ದೂರದ ನೆಂಟ

ಯುದ್ಧದಾಟವೆಂದರೆ ಗುಂಡು ಹಾರಿಸುವ ಗದ್ದಲದ ಆಟವೆಂದು ಕೆಲವರು ಭಾವಿಸಬಹುದು. ನಾನು ಹೇಳುತ್ತಿರುವುದು ಚದುರಂಗದ ನೆಂಟಸ್ತಿಕೆಯ ಆಟವನ್ನು. ನಮ್ಮ ನಾಡಿಗೆ ಆ ಮನೆತನದ ಪರಿಚಯ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಚತುರಂಗದ ಆಟಕ್ಕೂ ಸ್ಥಾನ ದೊರೆತಿದೆ. ಅದೇ ವಂಶದ ಇನ್ನೊಂದು ಕವಲು 1824ರಲ್ಲಿ ಪ್ರಷ್ಯದಲ್ಲಿ ಕಾಣಿಸಿಕೊಂಡಿತು. ರೈಸ್‌ವಿಟ್ಸ್ ಎಂಬ ಸೇನಾಧಿಕಾರಿ ನಿಜವಾದ ಭೂಪಟದ ಮೇಲೆ ಕಾಯಿಗಳನ್ನು ನಡೆಸುವ ಆಟವೊಂದರ ನಿಯಮಗಳನ್ನು ಪ್ರಕಟಿಸಿದನು. ಅಲ್ಲಿ ಶತ್ರುವಿನ ದಂಡು ಎಲ್ಲಿದೆಯೆಂಬುದು ಆಟಗಾರನಿಗೆ ಪೂರ್ತಿಯಾಗಿ ತಿಳಿಯದು. ನಡುವೆ ಕುಳಿತ ತೀರ್ಪುಗಾರನೊಬ್ಬನು ತಿಳಿಸಿದಷ್ಟೇ ತಿಳಿಯತಕ್ಕದ್ದು.

ಇಂದಿನ ಯುದ್ಧದಾಟದಲ್ಲಿ ಆ ತೀರ್ಪುಗಾರನ ಕೆಲಸವನ್ನು ಕಂಪ್ಯೂಟರು ಮಾಡುತ್ತದೆ. ಭೂಪಟವನ್ನು ಜೇನುಗೂಡಿನಂತೆ ಆರು ಮೂಲೆಯ ಮನೆಗಳಾಗಿ ವಿಂಗಡಿಸಿರುತ್ತಾರೆ. ಒಂದೊಂದು ಕಾಯಿಯೂ ಸಾವಿರಾರು ಸೈನಿಕರ ಒಂದು ದಳ. ಹೊಳೆ ಅಡ್ಡ ಬಂದರೆ ನಡಿಗೆ ನಿಧಾನ. ಮಳೆ ಬಿದ್ದರೆ ಕೆಸರು. ಅನ್ನ, ಮದ್ದುಗುಂಡುಗಳ ದಾರಿ ಕಡಿದುಹೋದರೆ ಎಂತಹ ದಳವೂ ಕೈಲಾಗದೆ ಕುಸಿಯುತ್ತದೆ. 2010ರಲ್ಲಿ ಹೊರಬಂದು ಈ ಪಂಗಡದಲ್ಲಿ ದೊಡ್ಡ ಹೆಸರು ಪಡೆದ 'ವಾರ್ ಇನ್ ದಿ ಈಸ್ಟ್' ಎಂಬ ಆಟದಲ್ಲಿ ಒಂದು ಮನೆಯೆಂದರೆ ಹತ್ತು ಮೈಲಿ, ಒಂದು ಸರದಿಯೆಂದರೆ ಒಂದು ವಾರ. 1941ರ ಜೂನ್ ತಿಂಗಳಲ್ಲಿ ಆರಂಭವಾದ ಜರ್ಮನಿ ರಷ್ಯಗಳ ಸಮರವನ್ನು ಕೊನೆಯವರೆಗೆ ಆಡಬೇಕೆಂದರೆ ಇನ್ನೂರಕ್ಕೂ ಹೆಚ್ಚು ಸರದಿಗಳು ಬೇಕು. ಸರದಿಗೊಂದು ಸಂಜೆಯೆಂದು ಲೆಕ್ಕ ಹಾಕಿದರೂ ಬಹುಪಾಲು ಒಂದು ವರ್ಷದ ವ್ರತ! ಇದರ ಎರಡನೆಯ ರೂಪ 2021ರ ಮಾರ್ಚಿನಲ್ಲಿ ಬಂದಿತು. ಹತ್ತು ವರ್ಷ ಕಾದವರ ಪೈಕಿ ನಾನೂ ಒಬ್ಬ.

ಇಷ್ಟು ದೀರ್ಘವಾದ ಆಟಕ್ಕೆ ಎದುರು ಕುಳಿತುಕೊಳ್ಳುವವರು ಯಾರು? ಸಂಸಾರ, ಉದ್ಯೋಗ, ಮಕ್ಕಳ ಪರೀಕ್ಷೆ, ಇವುಗಳ ನಡುವೆ ಇನ್ನೂರು ಸಂಜೆ ದಾನ ಮಾಡುವ ಉದಾರಿ ಸುಲಭವಾಗಿ ದೊರೆಯುವುದಿಲ್ಲ. ಆದುದರಿಂದಲೇ ಯಂತ್ರದ ಆಟ ಹೇಗೆಂಬ ಪ್ರಶ್ನೆಗೆ ಅಷ್ಟು ಬೆಲೆ.

ಜಗಲಿಗೆ ಎದ್ದು ಹೋಗುವ ಆಟ

ನನಗೆ ಒಬ್ಬ ಉದಾರಿ ಇದ್ದರು. ನನ್ನ ಸೋದರಮಾವ. ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದ ಬಳಿಕ ಸೋಮವಾರಪೇಟೆಯ ಹತ್ತಿರದ ತಮ್ಮ ಮನೆಯಲ್ಲಿ ನೆಲೆಸಿದ್ದರು. ಬೇಸಗೆಯ ರಜೆಗೆ ಹೋದಾಗ ಒಂದೇ ಕಂಪ್ಯೂಟರಿನ ಮುಂದೆ ನಮ್ಮ ಕದನ. ಅವರು ಆಡುವಾಗ ನನ್ನ ಕಣ್ಣಿಗೆ ಅವರ ದಂಡು ಬೀಳಬಾರದು. ನಾನು ಆಡುವಾಗ ಅವರ ಕಣ್ಣಿಗೆ ನನ್ನದು. ಆದುದರಿಂದ ಒಬ್ಬರು ಕುರ್ಚಿಯಲ್ಲಿದ್ದರೆ ಇನ್ನೊಬ್ಬರು ಜಗಲಿಗೆ ಎದ್ದು ಹೋಗತಕ್ಕದ್ದು. "ಬಾರಯ್ಯಾ, ನಿನ್ನ ಸರದಿ" ಎಂದು ಮಾವ ಕೂಗುವವರೆಗೆ ನಾನು ಹೊರಗೆ ಕಾಫಿ ತೋಟವನ್ನು ನೋಡುತ್ತ ಅವರು ಒಳಗೆ ಏನು ಮಾಡುತ್ತಿರಬಹುದೆಂದು ಊಹಿಸುತ್ತಿದ್ದೆ. ನಿಜ ಹೇಳುವುದಾದರೆ ಆಟದ ಅರ್ಧ ಸೊಗಸು ಆ ಜಗಲಿಯಲ್ಲಿಯೇ ಇತ್ತು.

ಅವರು ತೀರಿಕೊಂಡು ಮೂರು ವರ್ಷಗಳಾದುವು. ಅಂದಿನಿಂದ ನನ್ನ ಎದುರಾಳಿ ಯಂತ್ರ. ಅದನ್ನು ಅಳೆಯುವಾಗಲೆಲ್ಲ ನನ್ನ ಅಳತೆಗೋಲು ಮಾವನೇ.

ಹದಿನಾರು ಕಿಲೋಬೈಟಿನ ಸೇನಾಪತಿ

ಯಂತ್ರಕ್ಕೆ ಯುದ್ಧ ಕಲಿಸಿದ ಪ್ರಯತ್ನಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಬಹು ಹಿಂದಿನದು. 1981ರಲ್ಲಿ ಅಮೆರಿಕದ ಕ್ರಿಸ್ ಕ್ರಾಫರ್ಡ್ ಎಂಬವರು ಅಟಾರಿ ಕಂಪ್ಯೂಟರಿಗಾಗಿ 'ಈಸ್ಟರ್ನ್ ಫ್ರಂಟ್ 1941' ಎಂಬ ಆಟವನ್ನು ರಚಿಸಿದರು. ಆಟಗಾರನು ಜರ್ಮನ್ ಸೇನಾಪತಿ. ಯಂತ್ರ ರಷ್ಯದ ಪಕ್ಷ. ಆಟ, ಭೂಪಟ, ಎದುರಾಳಿಯ ಬುದ್ಧಿ, ಎಲ್ಲವೂ ಸೇರಿ 16 ಕಿಲೋಬೈಟ್ ನೆನಪಿನಲ್ಲಿ ಅಡಗಬೇಕಾಗಿತ್ತು. ಇಂದು ಮೊಬೈಲ್ ಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರಕ್ಕೆ ಅದರ ನೂರಕ್ಕೂ ಹೆಚ್ಚು ಪಟ್ಟು ಜಾಗ ಬೇಕಾಗುತ್ತದೆ.

ಅಷ್ಟು ಇಕ್ಕಟ್ಟಿನಲ್ಲಿ ಕ್ರಾಫರ್ಡರು ಹೂಡಿದ ಉಪಾಯ ಸೊಗಸಾದುದು. ತೆರೆಯ ಚಿತ್ರ ಸೆಕೆಂಡಿಗೆ 60 ಸಲ ಹೊಸದಾಗಿ ಮೂಡುತ್ತಿತ್ತು. ಆ ಪ್ರತಿಯೊಂದು ಸಲವೂ ಯಂತ್ರವು ಆಟಗಾರನ ಅಪ್ಪಣೆಯನ್ನು ವಿಚಾರಿಸಿಕೊಂಡು, ಉಳಿದ ಕ್ಷಣಾಂಶವನ್ನೆಲ್ಲ ತನ್ನ ಆಲೋಚನೆಗೆ ಬಳಸಿಕೊಳ್ಳುತ್ತಿತ್ತು. ಒಂದೊಂದು ದಳಕ್ಕೂ ಮೊದಲು ಒರಟಾದ ಯೋಜನೆ, ಅನಂತರ ನೆರೆಯ ದಳಗಳು ಎಲ್ಲಿಗೆ ಹೋಗಲಿವೆಯೆಂದು ನೋಡಿ ಆ ಯೋಜನೆಗೆ ತಿದ್ದುಪಡಿ, ಮತ್ತೆ ತಿದ್ದುಪಡಿ. ಆಟಗಾರನು ತನ್ನ ಸರದಿಯನ್ನು ಮುಗಿಸುವವರೆಗೆ ಈ ತಿದ್ದುವ ಕೆಲಸ ನಡೆಯುತ್ತಲೇ ಇರುತ್ತಿತ್ತು. ಎಂದರೆ ನೀವು ಹೆಚ್ಚು ಹೊತ್ತು ಯೋಚಿಸಿದಷ್ಟೂ ನಿಮ್ಮ ವೈರಿಯೂ ಹೆಚ್ಚು ಯೋಚಿಸುತ್ತಾನೆ! ಜಗಲಿಯಲ್ಲಿ ಕುಳಿತು ನಾನು ಮಾಡುತ್ತಿದ್ದುದೂ ಇದನ್ನೇ ಅಲ್ಲವೆ?

ಲೆಕ್ಕದ ಸುಳಿ

1981ರಲ್ಲಿ ಅಷ್ಟಾದರೆ ಇಂದಿನ ಬಲಿಷ್ಠ ಕಂಪ್ಯೂಟರುಗಳು ಈ ಆಟದಲ್ಲಿ ಅಜೇಯವಾಗಿರಬೇಕಲ್ಲವೆ? 1997ರ ಮೇ ತಿಂಗಳಲ್ಲಿ ಐಬಿಎಂ ಸಂಸ್ಥೆಯ ಡೀಪ್ ಬ್ಲೂ ಯಂತ್ರವು ವಿಶ್ವವಿಜೇತ ಕಾಸ್ಪರೋವರನ್ನು ಚದುರಂಗದಲ್ಲಿ ಸೋಲಿಸಿತು. 2016ರಲ್ಲಿ ಆಲ್ಫಾಗೋ ಯಂತ್ರವು ಗೋ ಆಟದ ಮಹಾಪಟು ಲೀ ಸೆಡೋಲರನ್ನು ಮಣಿಸಿತು. ಹೀಗಿದ್ದೂ ಅಂಗಡಿಯಲ್ಲಿ ಕೊಳ್ಳುವ ಯುದ್ಧದಾಟದ ಯಂತ್ರ ಸಾಧಾರಣ ಆಟಗಾರನಿಗೂ ಸೋಲುವುದುಂಟು. ಕಾರಣವೇನು?

ಸ್ವಲ್ಪ ಗಣಿತ ಮಾಡಿ ನೋಡೋಣ. ಚದುರಂಗದಲ್ಲಿ ಒಂದು ಸರದಿಗೆ ಒಂದೇ ಕಾಯಿ ನಡೆಯತಕ್ಕದ್ದು. ಆಯ್ಕೆಗಳು ಸಾಮಾನ್ಯವಾಗಿ ಮೂವತ್ತು ನಾಲ್ವತ್ತು. ಯುದ್ಧದಾಟದಲ್ಲಿ ಒಂದೇ ಸರದಿಯಲ್ಲಿ ಎಲ್ಲ ದಳಗಳೂ ಚಲಿಸಬಹುದು. ಕೇವಲ 40 ದಳಗಳ ಚಿಕ್ಕ ಆಟವನ್ನು ತೆಗೆದುಕೊಳ್ಳಿ. ಪ್ರತಿಯೊಂದು ದಳವೂ ಸುತ್ತಲಿನ ಆರು ಮನೆಗಳಲ್ಲಿ ಒಂದಕ್ಕೆ ಹೋಗಬಹುದು, ಇಲ್ಲವೆ ಇದ್ದಲ್ಲೇ ಇರಬಹುದು. ಒಟ್ಟು ಏಳು ಆಯ್ಕೆ. ಏಳನ್ನು ಏಳರಿಂದ ಹೀಗೆ ನಾಲ್ವತ್ತು ಸಲ ಗುಣಿಸಿದರೆ ಬರುವುದು 34 ಅಂಕಿಗಳ ಸಂಖ್ಯೆ. ಇದು ಒಂದು ಪಕ್ಷದ ಒಂದೇ ಸರದಿಯ ಮಾತು! ಸೆಕೆಂಡಿಗೆ 20 ಕೋಟಿ ಸನ್ನಿವೇಶಗಳನ್ನು ಪರೀಕ್ಷಿಸಬಲ್ಲ ಡೀಪ್ ಬ್ಲೂ ಕೂಡ ಈ ಸುಳಿಯಲ್ಲಿ ಮುಳುಗಿಹೋದೀತು. ಇದರ ಮೇಲೆ ಎದುರಾಳಿಯ ದಂಡು ಅರ್ಧ ಮರೆಯಲ್ಲಿ; ಹವೆ, ಅದೃಷ್ಟಗಳ ಕೈವಾಡ ಬೇರೆ.

ಯಂತ್ರಕ್ಕೆ ಇದು ಎಂದೆಂದಿಗೂ ಅಸಾಧ್ಯವೆಂದೇನೂ ಅಲ್ಲ. 2019ರಲ್ಲಿ ಡೀಪ್‌ಮೈಂಡ್ ಸಂಸ್ಥೆಯ ಆಲ್ಫಾಸ್ಟಾರ್ ಎಂಬುದು 'ಸ್ಟಾರ್‌ಕ್ರಾಫ್ಟ್ 2' ಎಂಬ ಸಮರದ ಆಟದಲ್ಲಿ ಗ್ರ್ಯಾಂಡ್‌ಮಾಸ್ಟರ್ ಮಟ್ಟವನ್ನು ಮುಟ್ಟಿತು. ಆದರೆ ಅದರ ಹಿಂದೆ ಒಂದು ದೈತ್ಯ ಸಂಸ್ಥೆಯ ಸಂಪತ್ತೂ, ಒಂದೇ ಆಟವನ್ನು ಮತ್ತೆ ಮತ್ತೆ ಆಡಿ ಕಲಿತ ಅಗಾಧವಾದ ಅಭ್ಯಾಸವೂ ಇದ್ದುವು. ಬೆರಳೆಣಿಕೆಯ ಜನ ಸೇರಿ, ಕೆಲವೇ ಅಭಿಮಾನಿಗಳಿಗಾಗಿ ಕಟ್ಟುವ ಆಟಕ್ಕೆ ಅಂತಹ ಭಾಗ್ಯವೆಲ್ಲಿಯದು?

ಪಕ್ಷಪಾತವೆಂಬ ಉಪಾಯ

ಆದುದರಿಂದ ಆಟ ಕಟ್ಟುವವರು ಒಂದು ಅಡ್ಡದಾರಿ ಹಿಡಿಯುವುದುಂಟು. 'ಸುಲಭ', 'ಸಾಧಾರಣ', 'ಕಠಿಣ' ಎಂಬ ಮಟ್ಟಗಳನ್ನು ಇಡುತ್ತಾರೆ. ಕಠಿಣವನ್ನು ಆರಿಸಿದರೆ ಯಂತ್ರಕ್ಕೆ ಹೆಚ್ಚು ಬುದ್ಧಿ ಬರುತ್ತದೆಂದು ಮುಗ್ಧರು ನಂಬುತ್ತಾರೆ. ಎಷ್ಟೋ ಆಟಗಳಲ್ಲಿ ಬುದ್ಧಿ ಅಷ್ಟೇ ಇರುತ್ತದೆ. ಸೈನಿಕರ ಧೈರ್ಯ, ಸರಬರಾಜು, ಬೊಕ್ಕಸ ಮಾತ್ರ ಹೆಚ್ಚುತ್ತವೆ. ಪಾಠ ಬಾರದ ಹುಡುಗನಿಗೆ ಹತ್ತು ಅಂಕ ಕೃಪೆಯಾಗಿ ಕೊಟ್ಟು ಮೊದಲ ದರ್ಜೆಯೆಂದು ಸಾರಿದಂತೆ ಇದು. ಮರೆಮಾಚದೆ ಹೇಳಿ ಮಾಡಿದರೆ ನನಗೆ ಆಕ್ಷೇಪವಿಲ್ಲ. ಕೆಲವು ಆಟಗಳಲ್ಲಿ ಯಾವ ಪಕ್ಷಕ್ಕೆ ಎಷ್ಟು ಅನುಕೂಲವೆಂದು ಆಟಗಾರನೇ ನಿಗದಿ ಮಾಡಬಹುದು. ಅದು ಪ್ರಾಮಾಣಿಕವಾದ ಕ್ರಮ.

ಯಂತ್ರವು ನಿಜವಾಗಿ ಚಮತ್ಕಾರ ತೋರಿದ ಪ್ರಸಂಗವೂ ಉಂಟು. 1981ರಲ್ಲಿ ಡಗ್ಲಸ್ ಲೆನಟ್ ಎಂಬ ಕಂಪ್ಯೂಟರ್ ವಿಜ್ಞಾನಿ ತಮ್ಮ 'ಯೂರಿಸ್ಕೊ' ಎಂಬ ಪ್ರೋಗ್ರಾಮಿನ ನೆರವಿನಿಂದ ನೌಕಾಬಲದ ಆಟವೊಂದರ ಪಂದ್ಯಕ್ಕಿಳಿದರು. ಅದು ಕಾಗದದ ಮೇಲಿನ ಆಟ, ನೌಕೆಗಳು ಅಂತರಿಕ್ಷದವು. ಉಳಿದವರೆಲ್ಲ ಗೊತ್ತಿದ್ದ ರೀತಿಯಲ್ಲಿ ನೌಕೆಗಳನ್ನು ಕಟ್ಟಿದರೆ, ಯೂರಿಸ್ಕೊ ಸೂಚಿಸಿದ್ದು ನಿಧಾನವಾಗಿ ಚಲಿಸುವ, ಆಯುಧಗಳಿಂದ ತುಂಬಿದ ಚಿಕ್ಕ ನೌಕೆಗಳ ದೊಡ್ಡ ಹಿಂಡು. ನಕ್ಕವರೆಲ್ಲ ಸೋತರು. ಮರುವರ್ಷ ನಿಯಮಗಳನ್ನು ಬದಲಿಸಿದರೂ ಅದೇ ಗೆದ್ದಿತು. ಇನ್ನೊಮ್ಮೆ ಗೆದ್ದರೆ ಪಂದ್ಯವನ್ನೇ ನಿಲ್ಲಿಸುತ್ತೇವೆಂದು ಏರ್ಪಾಡು ಮಾಡಿದವರು ಹೇಳಿದ ಮೇಲೆ ಲೆನಟ್ ಹಿಂದೆ ಸರಿದರು.

ರನ್ನನು ಕಂಡ ಮರ್ಮ

ಈಗ ನಾನು ಮತ್ತೊಂದು ಹೊಸ ಆಟಕ್ಕಾಗಿ ಕಾಯುತ್ತಿದ್ದೇನೆ. ಅದು ಕೈಗೆ ಬಂದೊಡನೆ ಮಾಡಬೇಕಾದ ಮೂರು ಪರೀಕ್ಷೆಗಳನ್ನು ಈಗಾಗಲೇ ಬರೆದಿಟ್ಟುಕೊಂಡಿದ್ದೇನೆ. ಒಂದು: ಸುತ್ತುವರಿಯಲ್ಪಡುವ ಮೊದಲೇ ಯಂತ್ರವು ತನ್ನ ದಂಡನ್ನು ಹಿಂದೆಗೆಯುತ್ತದೆಯೆ? ಎರಡು: ಎಲ್ಲವನ್ನೂ ಮುಂಚೂಣಿಗೆ ತಂದು ಸುರಿಯದೆ ಒಂದು ಪಾಲನ್ನು ಹಿಂದೆ ಕಾಯ್ದಿರಿಸುತ್ತದೆಯೆ? ಮೂರು: ನಿನ್ನೆ ಸೋತ ರೀತಿಯಲ್ಲಿಯೇ ಇಂದೂ ಸೋಲುತ್ತದೆಯೆ? ಮೂರನೆಯದೇ ಮುಖ್ಯ. ಹಿಂದೊಂದು ಆಟದಲ್ಲಿ ಯಂತ್ರವು ತನ್ನ ಸರಬರಾಜಿನ ಪಟ್ಟಣವನ್ನು ಕಾವಲಿಲ್ಲದೆ ಬಿಟ್ಟಿತ್ತು. ಮೊದಲ ಸಲ ಅದನ್ನು ಹಿಡಿದಾಗ ನಾನು ಹಿಗ್ಗಿದೆ. ಎರಡನೆಯ ಸಲ ಮುಗುಳುನಕ್ಕೆ. ಮೂರನೆಯ ಸಲ ಕಂಪ್ಯೂಟರನ್ನು ಮುಚ್ಚಿ ಮಲಗಿದೆ.

ಮರುದಿನ ತರಗತಿಯಲ್ಲಿ ರನ್ನನ 'ಗದಾಯುದ್ಧ'. ಕಾವ್ಯದ ನಾಯಕ ಭೀಮ. ಆದರೂ ಓದುಗನ ಮನಸ್ಸನ್ನು ಸೆಳೆಯುವವನು ದುರ್ಯೋಧನ. ವೈರಿಯನ್ನು ರನ್ನನು ಇಷ್ಟು ಎತ್ತರಕ್ಕೆ ಏಕೆ ಏರಿಸಿದನೆಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಎದುರಾಳಿಯ ಕುಲ, ಶೌರ್ಯ, ವಿದ್ಯೆಗಳನ್ನು ಬಣ್ಣಿಸಿ ಆಮೇಲೆ ಅವನನ್ನು ಗೆದ್ದುದನ್ನು ಹೇಳಿದರೆ ನಾಯಕನ ಹಿರಿಮೆ ಹೆಚ್ಚುತ್ತದೆಂದು ದಂಡಿ ಹೇಳಿದ್ದಾನೆ; ಅದನ್ನು ವಿವರಿಸಿದೆ. ವಿವರಿಸುತ್ತಿದ್ದಂತೆ ಹಿಂದಿನ ರಾತ್ರಿಯ ನನ್ನ ಬೇಸರದ ಕಾರಣ ನನಗೇ ಹೊಳೆಯಿತು. ನಮಗೆ ಬೇಕಾದದ್ದು ಗೆಲುವಲ್ಲ; ಗೆದ್ದರೆ ಬೆಲೆಯುಳ್ಳ, ಸೋತರೆ ಮಾನ ಕುಂದದ ಎದುರಾಳಿ.

ಮಾವ ಸೋತಾಗಲೆಲ್ಲ ಒಂದು ಮಾತು ಕೇಳುತ್ತಿದ್ದರು: "ನಾನು ತಪ್ಪಿದ್ದು ಎಲ್ಲಿ, ಹೇಳು." ಮುಂದಿನ ಆಟದಲ್ಲಿ ಆ ತಪ್ಪು ಇರುತ್ತಿರಲಿಲ್ಲ. ಯಂತ್ರವು ಆ ಪ್ರಶ್ನೆಯನ್ನು ಕೇಳುವ ದಿನ ಬಂದೀತೆಂದು ನನಗೆ ಆಸೆಯಿದೆ.

ಮೊನ್ನೆ ಹಳೆಯ ಆಟವೊಂದನ್ನು ತೆರೆದು ನನ್ನ ಸರದಿಯನ್ನು ಮುಗಿಸಿ, ಅಭ್ಯಾಸಬಲದಿಂದ ಎದ್ದು ಬಾಲ್ಕನಿಗೆ ಹೋಗಿ ನಿಂತೆ. ಶ್ರೀಮತಿ ಒಳಗಿನಿಂದ, "ಅದರ ಸರದಿ ಆಗಲೇ ಮುಗಿದುಹೋಯಿತಲ್ಲ, ಅಲ್ಲೇನು ಮಾಡುತ್ತಿದ್ದೀರಿ?" ಎಂದರು. "ಯೋಚಿಸುತ್ತಿದ್ದೇನೆ" ಎಂದೆ. ಅವರು ಏನೂ ಹೇಳದೆ ಒಂದು ಲೋಟ ಕಾಫಿಯನ್ನು ಅಲ್ಲಿಗೇ ತಂದುಕೊಟ್ಟರು.