ಹುಲ್ಲು ಮಾಡಿನ ಹಳೆಯ ಮನೆ: ಅದರ ಬೆಲೆ ಮತ್ತು ಆಯಸ್ಸು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಕಟ್ಟಿದ ಮನೆಯನ್ನು ಕಾಪಾಡಿಕೊಂಡು ಬರುವುದು ಕಟ್ಟುವುದಕ್ಕಿಂತಲೂ ದೀರ್ಘವಾದ ಕಾರ್ಯ. ಉದ್ಯೋಗನಿಮಿತ್ತ ವಿಶಾಖಪಟ್ಟಣದಲ್ಲಿಯೋ ವಿಜಯವಾಡದಲ್ಲಿಯೋ ನೆಲೆಸಿರುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಹಿರಿಯರ ಕಾಲದ ಒಂದು ಮನೆ ಇದೆ. ಅದಕ್ಕೆ ವರ್ಷದ ಹನ್ನೊಂದು ತಿಂಗಳೂ ಬೀಗ. ಮಾರಬೇಕೆ, ದುರಸ್ತಿ ಮಾಡಿಸಬೇಕೆ ಎಂಬ ಪ್ರಶ್ನೆ ಪ್ರತಿ ಬೇಸಿಗೆ ರಜೆಯಲ್ಲಿಯೂ ಏಳುತ್ತದೆ. ಅದೇ ಸಮಯದಲ್ಲಿ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಹುಲ್ಲು ಹೊದಿಸಿದ ಹಳೆಯ ಮನೆಗಳು ದುರಸ್ತಿಗೊಂಡು ಭಾರೀ ಬೆಲೆಗೆ ಮಾರಾಟವಾಗುತ್ತಿರುವುದನ್ನೂ ಕೇಳುತ್ತೇವೆ. ಒಂದು ಕಾಲದಲ್ಲಿ ಬಡವನ ಸೂರಾಗಿದ್ದ ಹುಲ್ಲಿನ ಮಾಡು ಅಲ್ಲಿ ಬೆಲೆ ಬಾಳುವುದೇಕೆ, ಇಲ್ಲಿ ಕಣ್ಮರೆಯಾಗುತ್ತಿರುವುದೇಕೆ ಎಂಬುದನ್ನು ಅರಿತರೆ ನಮ್ಮ ಪ್ರಶ್ನೆಗೂ ಉತ್ತರ ಸುಲಭವಾದೀತು.

ಹತ್ತು ಪೌಂಡಿನ ಮನೆ

ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಆಲ್‌ಫ್ರಿಸ್ಟನ್ ಎಂಬ ಊರಿನಲ್ಲಿ ಹದಿನಾಲ್ಕನೆಯ ಶತಮಾನದ ಒಂದು ಮನೆಯಿದೆ. ಮರದ ಚೌಕಟ್ಟು, ಹುಲ್ಲಿನ ಮಾಡು. ಪಾದ್ರಿಗಳ ವಾಸಕ್ಕಿದ್ದ ಈ ಮನೆ ಜೀರ್ಣವಾಗಿ ಕೆಡವುವ ಸ್ಥಿತಿಗೆ ಬಂದಿತ್ತು. 1895ರಲ್ಲಿ ಸ್ಥಾಪಿತವಾದ ನ್ಯಾಷನಲ್ ಟ್ರಸ್ಟ್ ಸಂಸ್ಥೆಯು 1896ರಲ್ಲಿ ಇದನ್ನು ಕೇವಲ 10 ಪೌಂಡಿಗೆ ಕೊಂಡಿತು. ಆ ಸಂಸ್ಥೆ ಕೊಂಡ ಮೊದಲ ಕಟ್ಟಡವೇ ಇದು. ಆದರೆ ಮನೆಯನ್ನು ನಿಲ್ಲಿಸಲು ತಗುಲಿದ ವೆಚ್ಚ ಕ್ರಯದ ಅನೇಕ ಪಟ್ಟು. ಅದಕ್ಕಾಗಿ ಸಾರ್ವಜನಿಕರಿಂದ ಹಣ ಸಂಗ್ರಹಿಸಬೇಕಾಯಿತು. ಅಲ್ಲಿನ ನೆಲ ಸುಣ್ಣಕಲ್ಲಿನ ಪುಡಿಯನ್ನು ದಮ್ಮಸು ಮಾಡಿ, ಹುಳಿಹಾಲು ಸವರಿ ಗಟ್ಟಿ ಮಾಡಿದ್ದು. ನಮ್ಮ ಸೆಗಣಿ ಸಾರಿಸಿದ ನೆಲವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಈ ಒಂದು ದೃಷ್ಟಾಂತದಲ್ಲಿ ಹಳೆಯ ಮನೆಯ ಅರ್ಥಶಾಸ್ತ್ರವೆಲ್ಲ ಅಡಗಿದೆ. ಕ್ರಯ ಒಂದೇ ಸಲ ಕೊಡುವ ಹಣ. ಪೋಷಣೆ ಎಂದೆಂದಿಗೂ ಕೊಡುವ ಹಣ.

ಇಂಗ್ಲೆಂಡಿನಲ್ಲಿ ಇಂತಹ ಮನೆಗಳು ಉಳಿದಿರುವುದು ಅಭಿಮಾನದಿಂದ ಮಾತ್ರವಲ್ಲ. 1947ರ ಶಾಸನದ ಕಾಲದಿಂದ ಚಾರಿತ್ರಿಕ ಕಟ್ಟಡಗಳನ್ನು ಪಟ್ಟಿ ಮಾಡುವ ಪದ್ಧತಿ ಅಲ್ಲಿದೆ. ಪಟ್ಟಿಗೆ ಸೇರಿದ ಮನೆಯನ್ನು ಅದರ ಸ್ವರೂಪ ಕೆಡುವಂತೆ ಅನುಮತಿಯಿಲ್ಲದೆ ಬದಲಿಸುವುದು ಅಪರಾಧ. ಹುಲ್ಲು ಹೊದಿಸುವುದು ಅಲ್ಲಿ ಇಂದಿಗೂ ಒಂದು ಕಸುಬಾಗಿ ಬದುಕಿದೆ. ಒಳ್ಳೆಯ ಜೊಂಡಿನ ಹೊದಿಕೆ ಹಲವು ದಶಕ ಬಾಳಿದರೂ ಮಾಡಿನ ನೆತ್ತಿಯನ್ನು ಹತ್ತು ಹದಿನೈದು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಿಸಲೇಬೇಕು. ಕೊಳ್ಳುವವನು ಈ ಜವಾಬ್ದಾರಿಯನ್ನೂ ಸೇರಿಸಿಯೇ ಕೊಳ್ಳುತ್ತಾನೆ.

ಆಂಧ್ರದ ಚುಟ್ಟಿಲ್ಲು

ನಾವಿರುವ ಪ್ರದೇಶದಲ್ಲಿಯೇ ಇದಕ್ಕೆ ಸಮನಾದ ಮನೆಯುಂಟು. ಶ್ರೀಕಾಕುಳಂ, ವಿಜಯನಗರಂ, ವಿಶಾಖಪಟ್ಟಣಗಳ ಹಳ್ಳಿಗಳಲ್ಲಿ ಕಾಣುವ ದುಂಡಾದ ಗುಡಿಸಲಿಗೆ 'ಚುಟ್ಟಿಲ್ಲು' ಎಂದು ಹೆಸರು. ತೆಲುಗಿನ 'ಚುಟ್ಟು' ನಮ್ಮ 'ಸುತ್ತು'. 'ಇಲ್ಲು' ಎಂದರೆ ಮನೆ. ವೃತ್ತಾಕಾರದ ದಪ್ಪ ಮಣ್ಣಿನ ಗೋಡೆ, ಅದರ ಮೇಲೆ ತಾಳೆಮರದ ತೊಲೆಗಳು, ತೊಲೆಗಳ ಮೇಲೆ ತಾಳೆಗರಿ ಅಥವಾ ಹುಲ್ಲಿನ ಶಂಕುವಿನಾಕಾರದ ಹೊದಿಕೆ. ಸೂರು ತಲೆ ಬಾಗಿಸಿಯೇ ಒಳಹೋಗಬೇಕಾದಷ್ಟು ಕೆಳಗಿಳಿದಿರುತ್ತದೆ. ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿ 1996ರಲ್ಲಿ ಸಾರ್ವಜನಿಕರಿಗೆ ತೆರೆದ ದಕ್ಷಿಣಚಿತ್ರದಲ್ಲಿ ಇಂತಹ ಮನೆಯನ್ನು ಪುನರ್ನಿರ್ಮಿಸಿ ಇಟ್ಟಿದ್ದಾರೆ. ನಮ್ಮ ಮಣಿಪಾಲದಲ್ಲಿ ದಿವಂಗತ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮರುಜೋಡಿಸಿದ ಕಾರ್ಯವೂ ಇದೇ ಬಗೆಯದು.

ಈ ಆಕಾರ ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ. ಭಾರತೀಯ ಮಾನಕ ಸಂಸ್ಥೆಯ ಸಂಹಿತೆಯಂತೆ ಕಟ್ಟಡದ ವಿನ್ಯಾಸಕ್ಕೆ ಹಿಡಿಯಬೇಕಾದ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ವಿಶಾಖಪಟ್ಟಣ ಮತ್ತು ವಿಜಯವಾಡಗಳಿಗೆ 50, ಅಂದರೆ ಗಂಟೆಗೆ 180 ಕಿಲೋಮೀಟರ್. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಇಲ್ಲಿನ ಗೋಡೆ ಬೆಂಗಳೂರಿನ ಗೋಡೆಗಿಂತ ಎರಡು ಪಟ್ಟಿಗೂ ಹೆಚ್ಚಿನ ಒತ್ತಡವನ್ನು ತಾಳಬೇಕಾಗುತ್ತದೆ. ದುಂಡು ಗೋಡೆಗೆ ಗಾಳಿ ನೇರವಾಗಿ ಬಡಿಯದೆ ಪಕ್ಕಕ್ಕೆ ಸರಿಯುತ್ತದೆ. ತಗ್ಗಿದ ಸೂರಿನ ಅಡಿಗೆ ನುಗ್ಗಿ ಮಾಡನ್ನು ಎತ್ತಿ ಒಗೆಯಲು ಅದಕ್ಕೆ ಎಡೆ ಕಡಿಮೆ.

ಆದರೂ ಹೊಗಳಿಕೆಗೆ ಮಿತಿಯಿರಬೇಕು. 1977ರ ನವೆಂಬರ್ 19ರಂದು ಕೃಷ್ಣಾ ಜಿಲ್ಲೆಯ ದಿವಿಸೀಮೆಗೆ ಅಪ್ಪಳಿಸಿದ ಚಂಡಮಾರುತದಲ್ಲಿ ಸಮುದ್ರವೇ ಊರೊಳಗೆ ನುಗ್ಗಿತು. ಅಧಿಕೃತ ಲೆಕ್ಕದಂತೆಯೇ ಸುಮಾರು ಹತ್ತು ಸಾವಿರ ಜನ ಪ್ರಾಣ ಕಳೆದುಕೊಂಡರು. ಮಣ್ಣಿನ ಗೋಡೆ ಗಾಳಿಗೆ ನಿಂತರೂ ನೀರಿಗೆ ಕರಗುತ್ತದೆ. 2014ರ ಅಕ್ಟೋಬರ್ 12ರ ಹುದ್‌ಹುದ್ ಚಂಡಮಾರುತವನ್ನು ವಿಶಾಖಪಟ್ಟಣದಲ್ಲಿದ್ದ ನಮ್ಮವರು ಕಣ್ಣಾರೆ ಕಂಡಿದ್ದಾರೆ. ಹುಲ್ಲಿನ ಮನೆಯ ಬಡವನು ಕಾಂಕ್ರೀಟಿನ ಮನೆಯನ್ನು ಬಯಸಿದರೆ ಅದನ್ನು ಅಭಿರುಚಿಯ ಕೊರತೆಯೆಂದು ನಗರವಾಸಿಗಳಾದ ನಾವು ಆಕ್ಷೇಪಿಸುವುದು ಸಲ್ಲದು.

ಆರೋಗ್ಯದ ದೃಷ್ಟಿಯಿಂದ

ಹುಲ್ಲಿನ ಎಳೆಗಳ ನಡುವೆ ನಿಂತ ಗಾಳಿ ಬಿಸಿಲಿನ ತಾಪವನ್ನು ತಡೆಯುತ್ತದೆ. ಆದುದರಿಂದ ವಿಜಯವಾಡದಂತಹ ಊರಿನ ಬೇಸಿಗೆಯಲ್ಲಿ ಸಿಮೆಂಟು ಶೀಟಿನ ಮನೆಗಿಂತ ಹುಲ್ಲಿನ ಮನೆ ತಂಪು. ವೃದ್ಧರಿಗೂ ಶಿಶುಗಳಿಗೂ ಇದು ಸಣ್ಣ ಉಪಕಾರವಲ್ಲ. ದೋಷಗಳೂ ಉಂಟು. ಕಿಟಕಿಯಿಲ್ಲದ ಮನೆಯಲ್ಲಿ ಸೌದೆ ಒಲೆಯ ಹೊಗೆ ತುಂಬಿ, ಅಡಿಗೆ ಮಾಡುವ ಹೆಂಗಸರ ಶ್ವಾಸಕೋಶಕ್ಕೂ ಕಣ್ಣಿಗೂ ಹಾನಿಯಾಗುತ್ತದೆ. ನೆನೆದ ಹುಲ್ಲಿನ ಬೂಷ್ಟು ಉಬ್ಬಸದವರಿಗೆ ಶತ್ರು. ಹಳೆಯ ಮಾಡು ಇಲಿಗಳಿಗೂ ಅವನ್ನರಸಿ ಬರುವ ಹಾವುಗಳಿಗೂ ಆಶ್ರಯವಾಗುತ್ತದೆ. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆಂಬುದು ತಿಳಿದ ವಿಷಯ. ಬಹುಕಾಲ ಮುಚ್ಚಿದ್ದ ಮನೆಯನ್ನು ತೆರೆದಾಗ ಒಂದು ದಿನ ಗಾಳಿಯಾಡಲು ಬಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೆಲಕ್ಕೆ ನೀರು ಚಿಮುಕಿಸಿ ಗುಡಿಸಿದ ಬಳಿಕವೇ ಮಕ್ಕಳನ್ನು ಒಳಕ್ಕೆ ಬಿಡುವುದು ಲೇಸು.

ಬೆಂಕಿಯ ಭಯ ಎಲ್ಲಕ್ಕಿಂತ ದೊಡ್ಡದು. ಲಂಡನ್ನಿನಲ್ಲಿ 1212ರಷ್ಟು ಹಿಂದೆಯೇ ಹೊಸದಾಗಿ ಹುಲ್ಲು ಹೊದಿಸುವುದನ್ನು ನಿಷೇಧಿಸಲಾಯಿತು. ಷೇಕ್ಸ್‌ಪಿಯರನ ನಾಟಕಗಳು ನಡೆಯುತ್ತಿದ್ದ ಗ್ಲೋಬ್ ರಂಗಮಂದಿರ 1613ರಲ್ಲಿ ಉರಿದುಹೋದದ್ದು ಪ್ರದರ್ಶನದ ಫಿರಂಗಿಯ ಕಿಡಿ ಅದರ ಹುಲ್ಲಿನ ಮಾಡಿಗೆ ತಗುಲಿ. ಆದುದರಿಂದ ಹುಲ್ಲಿನ ಮನೆಯಲ್ಲಿ ಅಡಿಗೆಮನೆಗೆ ಹೆಂಚಿನ ಮಾಡೇ ಕ್ಷೇಮ; ವಿದ್ಯುತ್ ತಂತಿಗಳು ಹುಲ್ಲಿಗೆ ತಾಗದಂತೆ ಕೊಳವೆಯಲ್ಲಿ ಹೋಗಬೇಕು.

ಲೆಕ್ಕ ಮತ್ತು ಕಾಗದಪತ್ರ

ನಮ್ಮ ಮಲೆನಾಡು, ಕರಾವಳಿಗಳಲ್ಲಿಯೂ ಮುಳಿಹುಲ್ಲು, ಅಡಿಕೆ ಸೋಗೆಗಳ ಮಾಡು ಸಾಮಾನ್ಯವಾಗಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹೆಂಚು ಕ್ರಮೇಣ ಅದರ ಸ್ಥಾನವನ್ನು ಪಡೆಯಿತು. ಮಾಡು ಯಾವುದೇ ಇರಲಿ, ಊರಿನ ಮನೆಯನ್ನು ಉಳಿಸಿಕೊಳ್ಳಬಯಸುವವರು ಮೊದಲು ಸವಕಳಿಯ ಲೆಕ್ಕ ಹಾಕಬೇಕು. ಮೂರು ವರ್ಷಕ್ಕೊಮ್ಮೆ ಮಾಡಿನ ಕೆಲಸಕ್ಕೆ 60,000 ರೂಪಾಯಿ ಬೇಕೆಂದಿಟ್ಟುಕೊಳ್ಳೋಣ. ತಿಂಗಳಿಗೆ ಸುಮಾರು 1,667 ರೂಪಾಯಿಗಳನ್ನು ಬೇರೆಯಾಗಿ ಸಂಚಿತ ಠೇವಣಿಯಲ್ಲಿ ತೆಗೆದಿಟ್ಟರೆ ಹೊರೆ ತಿಳಿಯದು. ಇಡದಿದ್ದರೆ ಒಂದು ಮಳೆಗಾಲದ ಸೋರಿಕೆ ತೊಲೆಯನ್ನು ಕೊಳೆಯಿಸುತ್ತದೆ, ತೊಲೆ ಗೋಡೆಯನ್ನು ಕೆಡವುತ್ತದೆ. ಹುಲ್ಲು, ಗರಿ ಹೊದಿಸಿದ ಮನೆಯನ್ನು ವಿಮೆಯವರು 'ಕಚ್ಚಾ ಕಟ್ಟಡ'ವೆಂದು ಗಣಿಸುವುದರಿಂದ ವಿಮಾಪತ್ರದ ಷರತ್ತನ್ನು ಓದಿಯೇ ಸಹಿ ಮಾಡಬೇಕು. ಸಾಲ ಕೊಡುವ ಬ್ಯಾಂಕು ಕಟ್ಟಡದ ಉಳಿದ ಆಯಸ್ಸನ್ನು ನೋಡುತ್ತದೆಯೇ ಹೊರತು ನಮ್ಮ ಬಾಲ್ಯದ ನೆನಪುಗಳನ್ನಲ್ಲ.

ಎರಡನೆಯದು ಹಕ್ಕಿನ ಪ್ರಶ್ನೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕವು 1994ರ ತಿದ್ದುಪಡಿಯಿಂದ ಹಕ್ಕು ನೀಡಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಇಡೀ ದೇಶಕ್ಕೆ ಅದನ್ನು ವಿಸ್ತರಿಸಿತು. ಆ ದಿನ ತಂದೆ ಜೀವಂತವಾಗಿರಬೇಕೆಂಬ ನಿರ್ಬಂಧವಿಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪಿತ್ತಿದೆ. ಆದುದರಿಂದ ಅಕ್ಕತಂಗಿಯರ ಒಪ್ಪಿಗೆಯಿಲ್ಲದೆ ಅಣ್ಣತಮ್ಮಂದಿರು ಮಾತ್ರ ಸೇರಿ ಮನೆಯನ್ನು ಮಾರಿದರೆ ವ್ಯಾಜ್ಯವನ್ನು ಬರಮಾಡಿಕೊಂಡಂತೆ. ಋಣಭಾರ ಪ್ರಮಾಣಪತ್ರ, ಪಂಚಾಯತಿಯ ಖಾತೆ, ಕಂದಾಯದ ರಸೀದಿಗಳು, ವಂಶವೃಕ್ಷ, ಇವುಗಳನ್ನು ಹಿರಿಯರು ಬದುಕಿರುವಾಗಲೇ ಸಿದ್ಧಪಡಿಸಿಕೊಳ್ಳುವುದು ವಿವೇಕ.

ಮೂರನೆಯದು ಕೈಯ ಪ್ರಶ್ನೆ. ಸೋಗೆ ಹೊದಿಸಬಲ್ಲವರು, ಮಣ್ಣಿನ ಗೋಡೆ ಎಬ್ಬಿಸಬಲ್ಲವರು ಊರಿನಲ್ಲಿ ಎಷ್ಟು ಮಂದಿ ಉಳಿದಿದ್ದಾರೆ? ಆ ಕಸುಬಿಗೆ ನ್ಯಾಯವಾದ ಕೂಲಿ ದೊರೆತರೆ ಮಾತ್ರ ಅವರ ಮಕ್ಕಳು ಅದನ್ನು ಕಲಿತಾರು. ಅವರು ಬೇರೆ ಕೆಲಸಕ್ಕೆ ಹೋದ ಮೇಲೆ ಎಷ್ಟು ಹಣ ಸುರಿದರೂ ಹಳೆಯ ಮಾಡು ಮತ್ತೆ ಏಳದು.

ಈ ಮೂರೂ ಪ್ರಶ್ನೆಗಳಿಗೆ ತೃಪ್ತಿಕರವಾದ ಉತ್ತರವಿದ್ದವರು ಮನೆಯನ್ನು ಧಾರಾಳವಾಗಿ ಉಳಿಸಿಕೊಳ್ಳಲಿ. ಇಲ್ಲದವರು ಅದು ನಿಂತಿರುವಾಗಲೇ, ಅದರಲ್ಲಿ ವಾಸ ಮಾಡುವ ಮನಸ್ಸುಳ್ಳವರಿಗೆ ಮಾರುವುದು ಅಪಮಾನವಲ್ಲ. ಬೀಗ ಹಾಕಿದ ಮನೆಯಲ್ಲಿ ಹಿರಿಯರ ನೆನಪು ಉಳಿಯುತ್ತದೆಂಬುದು ಭ್ರಮೆ. ದೀಪ ಹಚ್ಚುವವರಿದ್ದರೆ ಪರರ ಹೆಸರಿನಲ್ಲಾದರೂ ಮನೆ ಬದುಕುತ್ತದೆ. ಈ ವಿಚಾರವನ್ನು ಬರುವ ರಜೆಯಲ್ಲಿ ಸೋದರ ಸೋದರಿಯರೆಲ್ಲ ಕುಳಿತು, ಮಳೆಗಾಲಕ್ಕೆ ಮೊದಲೇ ತೀರ್ಮಾನಿಸುವುದು ಒಳ್ಳೆಯದು.