ಮನೆಯ ನ್ಯಾಸ್ ಪೆಟ್ಟಿಗೆಗೆ ಯಾವ ಪ್ರೋಟೋಕಾಲ್?

ಹುಲಿಕಲ್‌ನಲ್ಲಿ ಜೂನ್ ಬಂತೆಂದರೆ ಘಾಟಿಯ ಮಳೆ ಹಿಡಿಯುತ್ತದೆ, ಕರೆಂಟ್ ಹೋಗುವುದೂ ಶುರು. ನೆಟ್ ನೆಚ್ಚಿಕೊಳ್ಳುವಂತಿಲ್ಲ. ಹಾಗಾಗಿ ತಾಳಮದ್ದಲೆಯ ರೆಕಾರ್ಡಿಂಗ್, ತೋಟದ ಲೆಕ್ಕ, ಫೋಟೊ ಎಲ್ಲವನ್ನೂ ಮನೆಯಲ್ಲೇ ಒಂದು ನ್ಯಾಸ್ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ನ್ಯಾಸ್ ಎಂದರೆ ರೌಟರಿಗೆ ಜೋಡಿಸಿದ ಹಾರ್ಡ್‌ಡಿಸ್ಕುಗಳ ಪೆಟ್ಟಿಗೆ. ಮನೆಯ ಯಾವ ಕಂಪ್ಯೂಟರಿನಿಂದಲೂ ತೆರೆಯಬಹುದು. ಹೊಂದಿಸುವಾಗ ಫೈಲ್ ಹಂಚಿಕೆಗೆ ಯಾವ ಪ್ರೋಟೋಕಾಲ್ ಎಂದು ಪರದೆ ಕೇಳುತ್ತದೆ: ಎಸ್‌ಎಂಬಿಯೋ, ಎನ್‌ಎಫ್‌ಎಸ್ಸೋ, ಎಫ್‌ಟಿಪಿಯೋ?

ಹೆಚ್ಚಿನ ಮನೆಗಳಿಗೆ ಎಸ್‌ಎಂಬಿಯೇ ಸಾಕು ಅನ್ನುವವನು ನಾನು. ಐಬಿಎಂನಲ್ಲಿ ಹುಟ್ಟಿ ವಿಂಡೋಸ್ ಜೊತೆ ಬೆಳೆದದ್ದು. ಸಾಂಬಾ ತಂತ್ರಾಂಶ ಅದನ್ನು ಲಿನಕ್ಸ್‌ಗೂ ತಂದಿತು. ಆಪಲ್ ಕೂಡ 2013ರಲ್ಲಿ ತನ್ನದೇ ಪ್ರೋಟೋಕಾಲ್ ಎಎಫ್‌ಪಿಯನ್ನು ಹಿಂದೆ ಸರಿಸಿ ಇದಕ್ಕೇ ಮೊದಲ ಸ್ಥಾನ ಕೊಟ್ಟಿತು. ಆದರೆ ಇದರ ಮೊದಲ ಆವೃತ್ತಿಯನ್ನು ಖಂಡಿತ ಆಫ್ ಮಾಡಿಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿದ್ದು ಅದರಲ್ಲಿದ್ದ ದೋಷದಿಂದಲೇ.

ಮನೆಯಲ್ಲಿ ಲಿನಕ್ಸ್ ಯಂತ್ರಗಳೇ ಇದ್ದರೆ 1984ರಲ್ಲಿ ಸನ್ ಕಂಪನಿ ತಂದ ಎನ್‌ಎಫ್‌ಎಸ್ ಹಗುರ. ಅದರ ಸಾಮಾನ್ಯ ಜೋಡಣೆ ಪಾಸ್‌ವರ್ಡ್ ಕೇಳುವುದಿಲ್ಲ, ಕಂಪ್ಯೂಟರ್ ಹೇಳಿದ ಬಳಕೆದಾರ ಸಂಖ್ಯೆಯನ್ನೇ ನಂಬುತ್ತದೆ. ಬಂದ ನೆಂಟರಿಗೆಲ್ಲ ವೈಫೈ ಕೊಡುವ ಮನೆಯವರು ಯೋಚಿಸಬೇಕು. ನಮ್ಮಂಥ ಊರಿಗೆ ಇನ್ನೂ ಮುಖ್ಯವಾದದ್ದು ಅದರ ‘ಸಿಂಕ್’ ಆಯ್ಕೆ. ‘ಎಸಿಂಕ್’ ವೇಗವೇನೋ ಹೌದು, ಆದರೆ ಡಿಸ್ಕಿಗೆ ಇಳಿಯುವ ಮೊದಲೇ ಬರೆದಾಯ್ತು ಎಂದುಬಿಡುತ್ತದೆ. ಆ ಕ್ಷಣ ಕರೆಂಟ್ ಹೋದರೆ ಕರ್ಣಾರ್ಜುನರ ಸಂವಾದ ಅರ್ಧಕ್ಕೇ ಹೋಯಿತು. ಯಾವ ಪ್ರೋಟೋಕಾಲ್ ಆದರೂ ಪೆಟ್ಟಿಗೆಗೆ ಯುಪಿಎಸ್ ಬೇಕೇ ಬೇಕು.

ಎಫ್‌ಟಿಪಿ 1971ರಷ್ಟು ಹಳೆಯದು, ಪಾಸ್‌ವರ್ಡನ್ನು ಬಯಲಲ್ಲೇ ಕಳಿಸುತ್ತದೆ, ಬೇಡ. ಬೆಂಗಳೂರಲ್ಲಿರುವ ಮಗಳಿಗೆ ಫೈಲ್ ಬೇಕೆಂದರೆ ವಿಪಿಎನ್ ಮೂಲಕ ಒಳಗೆ ಬರಲಿ. ಎಸ್‌ಎಂಬಿಯನ್ನು ಮಾತ್ರ ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡಬೇಡಿ.